ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ: ಉಪ್ಪುನೀರಿನ ಟ್ಯಾಂಕಿನ ಫಿಲ್ಟರ್ ಲೆಕ್ಕ

ಉಪ್ಪುನೀರಿನ ಅಕ್ವೇರಿಯಂ ಮಾಡಬೇಕು ಅಂತ ಹೊರಟವರು ಅಂಗಡಿಗೆ ಹೋಗಿ ಕೇಳೋ ಮೊದಲ ಪ್ರಶ್ನೆ, ಯಾವ ಫಿಲ್ಟರ್ ಒಳ್ಳೇದು ಅಂತ. ಅಂಗಡಿಯವರು ಒಂದು ಡಬ್ಬ ತೋರಿಸ್ತಾರೆ. ಅದರ ಮೇಲೆ 200 ಲೀಟರ್‌ವರೆಗೆ ಅಂತ ಬರೆದಿರತ್ತೆ. ನಮ್ಮದು 100 ಲೀಟರ್ ತಾನೇ, ಧಾರಾಳ ಆಯ್ತು ಅಂದ್ಕೊಂಡು ದುಡ್ಡು ಕೊಟ್ಟು ಬರ್ತೀವಿ. ಆದರೆ ಆ 200 ಅನ್ನೋ ಸಂಖ್ಯೆಗೆ ಹೆಚ್ಚು ಅರ್ಥ ಇಲ್ಲ. ಫಿಲ್ಟರ್‌ಗೆ ಬೀಳೋ ಹೊರೆ ನೀರಿನ ಲೀಟರ್‌ನಿಂದ ಬರಲ್ಲ, ನಾವು ದಿನಾ ಹಾಕೋ ಆಹಾರದಿಂದ ಬರತ್ತೆ. 100 ಲೀಟರ್‌ನಲ್ಲಿ ಎರಡು ಮೀನು ಇದ್ರೆ ಒಂದು ಲೆಕ್ಕ, ಹತ್ತು ಇದ್ರೆ ಬೇರೆ ಲೆಕ್ಕ.

ಹಾಗಾಗಿ ಈ ಲೇಖನದಲ್ಲಿ ನಾವು ಫಿಲ್ಟರ್ ಅನ್ನೋದನ್ನ ಒಂದು ಜಮಾ-ಖರ್ಚಿನ ಪುಸ್ತಕದ ಥರ ನೋಡೋಣ. ಒಳಗೆ ಬಂದದ್ದು ಎಷ್ಟು, ಅದು ಏನಾಗಿ ಬದಲಾಯ್ತು, ಹೊರಗೆ ಹೋದದ್ದು ಎಷ್ಟು. ಕೆಮಿಕಲ್‌ನವರಿಗೆ ಇದು ಮಾಸ್ ಬ್ಯಾಲೆನ್ಸ್, ಎಲೆಕ್ಟ್ರಿಕಲ್‌ನವರಿಗೆ ಕರ್ಚಾಫ್ ನಿಯಮದ ತಮ್ಮ. ಇಂಟರ್ನಲ್ಸ್‌ನಲ್ಲಿ ಲೆಕ್ಕ ತಪ್ಪಿದ್ರೆ ಎರಡು ಮಾರ್ಕ್ಸ್ ಹೋಗತ್ತೆ. ಇಲ್ಲಿ ತಪ್ಪಿದ್ರೆ ಒಂದು ಜೀವ ಹೋಗತ್ತೆ, ಅದೂ ನಮ್ಮ ಕಣ್ಣೆದುರಿಗೇ.

ನಾವು ನಾಲ್ಕು ಜನ ಸೇರಿ ಡಿಪಾರ್ಟ್‌ಮೆಂಟಿನ ಪ್ರಾಜೆಕ್ಟ್ ಲ್ಯಾಬ್‌ನ ಮೂಲೆಯಲ್ಲಿ ಇಂಥದ್ದೊಂದು ಟ್ಯಾಂಕ್ ಕಟ್ತಿದ್ದೀವಿ. 60 ಸೆಂಟಿಮೀಟರ್ ಉದ್ದ, 40 ಅಗಲ, 45 ಎತ್ತರ. ಬಾಯಿವರೆಗೆ ತುಂಬಿದ್ರೆ 108 ಲೀಟರ್. ಕಲ್ಲು ಮರಳು ಹಿಡಿಯೋ ಜಾಗ ಕಳೆದು, ಕೆಳಗಿನ ಸಂಪ್‌ನ ನೀರು ಕೂಡಿಸಿದ್ರೆ 100 ಲೀಟರ್ ಅಂತ ಇಟ್ಕೊಳ್ಳಬಹುದು. ಅದನ್ನೇ ಉದಾಹರಣೆಯಾಗಿ ಹಿಡ್ಕೊಂಡು ಮುಂದೆ ಹೋಗೋಣ.

ಒಂದು ಚಿಟಿಕೆ ಆಹಾರ ಎಲ್ಲಿಗೆ ಹೋಗತ್ತೆ?

ಮೀನಿನ ಒಣ ಆಹಾರದ ಡಬ್ಬದ ಹಿಂದೆ ಪ್ರೋಟೀನ್ ಶೇಕಡಾ ಎಷ್ಟು ಅಂತ ಬರೆದಿರ್ತಾರೆ. 45 ಅಂತ ತಗೊಳ್ಳೋಣ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇಕಡಾ 16 ಭಾಗ ನೈಟ್ರೋಜನ್. ಅಂದ್ರೆ 1 ಗ್ರಾಂ ಆಹಾರದಲ್ಲಿ 0.45 ಗುಣಿಸು 0.16, ಅಂದರೆ 0.072 ಗ್ರಾಂ, 72 ಮಿಲಿಗ್ರಾಂ ನೈಟ್ರೋಜನ್. ಎರಡು ಸಣ್ಣ ಕ್ಲೌನ್‌ಫಿಶ್‌ಗೆ ದಿನಕ್ಕೆ 0.3 ಗ್ರಾಂ ಕೈಬಿಚ್ಚಿಯೇ ಹಾಕಿದ್ವಿ ಅಂದ್ರೂ 21.6 ಮಿಲಿಗ್ರಾಂ ನೈಟ್ರೋಜನ್ ದಿನಾ ನೀರಿಗೆ ಸೇರತ್ತೆ. ಸ್ವಲ್ಪ ಮೀನಿನ ಮೈಗೆ ಹತ್ತತ್ತೆ, ನಿಜ. ಆದರೆ ಬೆಳವಣಿಗೆ ನಿಂತ ಮೀನಿನಲ್ಲಿ ಬಹುಪಾಲು ವಾಪಸ್ ನೀರಿಗೇ. ಡಿಸೈನ್ ಮಾಡುವಾಗ ಕೆಟ್ಟ ಪರಿಸ್ಥಿತಿಯನ್ನೇ ಹಿಡಿಯೋಣ, ಪೂರ್ತಿ ನೀರಿಗೆ ಬಂತು ಅಂತ.

ನಾವು ಮನುಷ್ಯರು ಬೇಡದ ನೈಟ್ರೋಜನ್ ಅನ್ನು ಯೂರಿಯಾ ಮಾಡಿ ಹೊರಗೆ ಹಾಕ್ತೀವಿ. ಮೀನು ಅಷ್ಟೆಲ್ಲ ಕಷ್ಟಪಡಲ್ಲ. ಅಮೋನಿಯಾವನ್ನು ಕಿವಿರುಗಳ ಮೂಲಕ ನೇರವಾಗಿ ನೀರಿಗೆ ಬಿಡತ್ತೆ. ಸಮುದ್ರದಲ್ಲಿ ಇದು ತೊಂದರೆಯೇ ಅಲ್ಲ, ಅಷ್ಟು ನೀರಿದೆ. ನಮ್ಮ ಟ್ಯಾಂಕಿನಲ್ಲಿ ಮೀನು ತಾನು ಬಿಟ್ಟದ್ದನ್ನು ತಾನೇ ಮತ್ತೆ ಉಸಿರಾಡಬೇಕು.

ಇಲ್ಲಿ ಸಿಹಿನೀರಿಗೂ ಉಪ್ಪುನೀರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ, ಗೋಲ್ಡ್‌ಫಿಶ್ ಸಾಕಿದ ಅನುಭವ ಇರೋರು ಗಮನಿಸಬೇಕು. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರತ್ತೆ. ಅಮೋನಿಯಂ ಅಯಾನ್ ಅಷ್ಟು ಅಪಾಯ ಅಲ್ಲ, ಚಾರ್ಜ್ ಇಲ್ಲದ ಅಮೋನಿಯಾ ಕಿವಿರನ್ನು ಸುಲಭವಾಗಿ ದಾಟಿ ಒಳಗೆ ಹೋಗೋ ವಿಷ. ಪಿಎಚ್ 7 ಇರುವ ಸಿಹಿನೀರಿನಲ್ಲಿ ವಿಷದ ಪಾಲು ನೂರಕ್ಕೆ ಅರ್ಧ. ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸು, ಅಲ್ಲಿ ನೂರಕ್ಕೆ ಸುಮಾರು ಆರೇಳು. ಟೆಸ್ಟ್ ಕಿಟ್‌ನಲ್ಲಿ ಅದೇ ಬಣ್ಣ ಬಂದ್ರೂ ಇಲ್ಲಿನ ವಿಷ ಹತ್ತು ಪಟ್ಟಿಗಿಂತ ಜಾಸ್ತಿ. ಗೋಲ್ಡ್‌ಫಿಶ್ ಬೌಲ್‌ನಲ್ಲಿ ನಡೆದದ್ದು ಇಲ್ಲಿ ನಡೆಯಲ್ಲ.

ಕೆಲಸಗಾರರು ಯಾರು?

ಈ ಅಮೋನಿಯಾವನ್ನು ನಿಭಾಯಿಸೋದು ಯಾವ ಮೋಟರೂ ಅಲ್ಲ, ಬ್ಯಾಕ್ಟೀರಿಯಾ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡತ್ತೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡತ್ತೆ. ರಷ್ಯಾದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಹೊತ್ತಿಗೇ ಈ ಎರಡು ಹಂತಗಳನ್ನು ಬೇರೆ ಬೇರೆಯಾಗಿ ತೋರಿಸಿಕೊಟ್ಟಿದ್ದ. ಸ್ಕೂಲಿನ ಬಯಾಲಜಿ ಪುಸ್ತಕದಲ್ಲಿ ಎರಡನೇ ಹಂತಕ್ಕೆ ನೈಟ್ರೋಬ್ಯಾಕ್ಟರ್ ಅಂತ ಬಾಯಿಪಾಠ ಮಾಡಿದ್ವಲ್ಲ, ಅಕ್ವೇರಿಯಂನ ಕಥೆ ಸ್ವಲ್ಪ ಬೇರೆ. 1998ರಲ್ಲಿ ಟಿಮೊತಿ ಹೊವಾನೆಕ್ ಮತ್ತು ಸಂಗಡಿಗರು ಸಿಹಿನೀರಿನ ಅಕ್ವೇರಿಯಂಗಳಲ್ಲಿ ಹುಡುಕಿದಾಗ ಆ ಕೆಲಸ ಮಾಡ್ತಿದ್ದದ್ದು ನೈಟ್ರೋಸ್ಪೈರಾ ಅನ್ನೋ ಬೇರೆ ಕುಲ. 2015ರಲ್ಲಿ ಇನ್ನೂ ಒಂದು ಆಶ್ಚರ್ಯ ಬಂತು: ಎರಡೂ ಹಂತವನ್ನು ಒಂದೇ ಜೀವಕೋಶ ಮುಗಿಸೋ ನೈಟ್ರೋಸ್ಪೈರಾಗಳೂ ಇವೆ. ನೂರಿಪ್ಪತ್ತೈದು ವರ್ಷ ಪುಸ್ತಕದಲ್ಲಿ ಇಬ್ಬರ ಕೆಲಸ ಅಂತಿದ್ದದ್ದು ಒಬ್ಬರೇ ಮಾಡಬಲ್ಲ ಕೆಲಸ ಅಂತಾಯ್ತು. ಪರೀಕ್ಷೆಯಲ್ಲಿ ಮಾತ್ರ ನೈಟ್ರೋಬ್ಯಾಕ್ಟರ್ ಅಂತಲೇ ಬರೀರಿ.

ಇವಕ್ಕೆ ಬೇಕಾದ್ದು ಮೂರೇ. ಅಂಟಿಕೊಳ್ಳೋಕೆ ಜಾಗ, ಅಮೋನಿಯಾ, ಆಕ್ಸಿಜನ್. ಜಾಗ ಅಂದ್ರೆ ತೂತು ತೂತಾದ ಕಲ್ಲು, ಮರಳು, ಸೆರಾಮಿಕ್ ಉಂಗುರ. ಆಕ್ಸಿಜನ್ ಲೆಕ್ಕ ಹೀಗೆ: 1 ಮಿಲಿಗ್ರಾಂ ಅಮೋನಿಯಾ-ನೈಟ್ರೋಜನ್ ಪೂರ್ತಿ ನೈಟ್ರೇಟ್ ಆಗೋಕೆ 4.57 ಮಿಲಿಗ್ರಾಂ ಆಕ್ಸಿಜನ್. ನಮ್ಮ 21.6ಕ್ಕೆ ಹತ್ತಿರ ಹತ್ತಿರ 100 ಮಿಲಿಗ್ರಾಂ. 25 ಡಿಗ್ರಿಯಲ್ಲಿ ಸಮುದ್ರದ ನೀರು ಲೀಟರಿಗೆ 7 ಮಿಲಿಗ್ರಾಂಗಿಂತ ಸ್ವಲ್ಪ ಕಡಿಮೆಯೇ ಆಕ್ಸಿಜನ್ ಹಿಡಿಯತ್ತೆ, ಸಿಹಿನೀರು 8ರ ಮೇಲೆ. ಅಂದ್ರೆ ನಮ್ಮ ಫಿಲ್ಟರ್ ಕೂಡ ಒಂದು ಉಸಿರಾಡುವ ಪ್ರಾಣಿ. ಕರೆಂಟ್ ಹೋದಾಗ ಇದು ಮುಖ್ಯ ಆಗತ್ತೆ, ಕೊನೆಯಲ್ಲಿ ಬರ್ತೀವಿ.

ಬದಲಾಯಿಸೋದು ಬೇರೆ, ಹೊರಹಾಕೋದು ಬೇರೆ

ಬಹಳ ಜನ ಎಡವೋದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡಿತು. ವಿಷ ಹೋಯ್ತು, ಒಳ್ಳೇದು. ಆದರೆ ನೈಟ್ರೋಜನ್ ಎಲ್ಲೂ ಹೋಗಿಲ್ಲ, ವೇಷ ಬದಲಾಯಿಸಿ ಅಲ್ಲೇ ಕೂತಿದೆ.

1 ಮಿಲಿಗ್ರಾಂ ನೈಟ್ರೋಜನ್ ಅಂದ್ರೆ 4.43 ಮಿಲಿಗ್ರಾಂ ನೈಟ್ರೇಟ್. 1 ಗ್ರಾಂ ಆಹಾರದಿಂದ 72 ಗುಣಿಸು 4.43, ಸುಮಾರು 319 ಮಿಲಿಗ್ರಾಂ. ನಾವು ವಾರಕ್ಕೆ ಹಾಕೋದು 2.1 ಗ್ರಾಂ, ಅಂದ್ರೆ 670 ಮಿಲಿಗ್ರಾಂ ನೈಟ್ರೇಟ್. 100 ಲೀಟರ್‌ಗೆ ಹಂಚಿದ್ರೆ ಲೀಟರಿಗೆ ವಾರಕ್ಕೆ 6.7 ಮಿಲಿಗ್ರಾಂ ಏರಿಕೆ.

ಸರಿ, ವಾರಕ್ಕೊಮ್ಮೆ ಶೇಕಡಾ 10 ನೀರು ಬದಲಾಯಿಸ್ತೀವಿ ಅಂದ್ಕೊಳ್ಳಿ. ಎಲ್ಲರೂ ಕೊಡೋ ಸಲಹೆ ಅದೇ. ಏರಿಕೆ ಎಲ್ಲಿ ನಿಲ್ಲತ್ತೆ? ವಾರದಲ್ಲಿ ಸೇರಿದಷ್ಟೇ ವಾರದಲ್ಲಿ ಹೊರಗೆ ಹೋದಾಗ ನಿಲ್ಲತ್ತೆ. ಹೊರಗೆ ಹೋಗೋದು ಆಗಿರುವ ಮಟ್ಟದ ಹತ್ತನೇ ಒಂದು ಭಾಗ. ಅದು 6.7 ಆಗಬೇಕಾದ್ರೆ ಮಟ್ಟ 67ಕ್ಕೆ ಹೋಗಬೇಕು! ಶೇಕಡಾ 20 ಬದಲಾಯಿಸಿದ್ರೂ 33. ಹವಳ ಇಡಬೇಕು ಅನ್ನೋ ಟ್ಯಾಂಕಿನಲ್ಲಿ ಹವ್ಯಾಸಿಗಳು ನೈಟ್ರೇಟ್ ಅನ್ನು 2ರಿಂದ 10ರ ಒಳಗೆ ಇಡೋಕೆ ನೋಡ್ತಾರೆ. ಇನ್ನೊಂದು ಮೋಸ ಏನಂದ್ರೆ ಈ ಏರಿಕೆ ಮೆಲ್ಲಗೆ ಆಗತ್ತೆ. 0.9 ಅನ್ನು ಅದರಿಂದಲೇ ಗುಣಿಸ್ತಾ ಹೋಗಿ, ಅರ್ಧ ಆಗೋಕೆ ಆರೂವರೆ ಸಲ ಬೇಕು. ಹಾಗಾಗಿ ಒಂದೂವರೆ ತಿಂಗಳಿಗೆ ಅರ್ಧ ದಾರಿ ಮಾತ್ರ. ಶುರುವಿನಲ್ಲಿ ಎಲ್ಲ ಚೆನ್ನಾಗಿದೆ ಅನ್ಸತ್ತೆ, ಮೂರ್ನಾಲ್ಕು ತಿಂಗಳಾದ ಮೇಲೆ ಗಾಜಿನ ಮೇಲೆಲ್ಲ ಪಾಚಿ, ಏನಾಯ್ತು ಅಂತ ತಲೆ ಕೆರ್ಕೊಳ್ಳೋದು.

ಅಂದ್ರೆ ನೀರು ಬದಲಾವಣೆ ಒಂದೇ ಸಾಲದು, ಹೊರಗೆ ಹೋಗೋಕೆ ಇನ್ನೂ ದಾರಿ ಬೇಕು. ನಿಜವಾಗಿ ಹೊರಗೆ ಹಾಕೋ ದಾರಿಗಳು ಇವು: ಕೊಳೆಯೋ ಮೊದಲೇ ನೊರೆಯಾಗಿ ಎತ್ತಿಬಿಡೋದು, ಕಲ್ಲಿನ ಒಳಗಿನ ಆಕ್ಸಿಜನ್ ಇಲ್ಲದ ಜಾಗದಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆದು ನೈಟ್ರೋಜನ್ ಅನಿಲ ಮಾಡಿ ಗಾಳಿಗೆ ಬಿಡೋದು, ಇಲ್ಲಾ ಕೀಟೊಮಾರ್ಫಾದಂಥ ಪಾಚಿಯನ್ನು ಸಂಪ್‌ನಲ್ಲಿ ಬೇಕಂತಲೇ ಬೆಳೆಸಿ ತಿಂಗಳಿಗೊಮ್ಮೆ ಒಂದು ಹಿಡಿ ಕಿತ್ತು ಬಿಸಾಡೋದು. ಈ ಕೊನೇದು ನಮಗೆ ತುಂಬಾ ಇಷ್ಟ. ಪಾಚಿ ಬರತ್ತೆ ಅಂತ ಗೊತ್ತಿದ್ರೆ ನಾವು ಹೇಳಿದ ಕಡೆ ಬರಲಿ ಅಂತ ಒಂದು ಬಲ್ಬ್ ಹಾಕಿಕೊಡೋದು, ಅಷ್ಟೇ.

ಸಂಪ್ ಮತ್ತು ಓವರ್‌ಹೆಡ್ ಟ್ಯಾಂಕ್

ಬೆಂಗಳೂರಿನ ಮನೆಯಲ್ಲಿ ಬೆಳೆದವರಿಗೆ ಈ ಭಾಗ ವಿವರಿಸೋದೇ ಬೇಡ. ಕೆಳಗೆ ಸಂಪ್, ಮೇಲೆ ಟ್ಯಾಂಕ್, ಮಧ್ಯೆ ಮೋಟರ್. ಉಪ್ಪುನೀರಿನ ಅಕ್ವೇರಿಯಂ ಕೂಡ ಅದೇ, ಹೆಸರೂ ಅದೇ. ಮೇಲಿನ ಟ್ಯಾಂಕ್ ತುಂಬಿ ಓವರ್‌ಫ್ಲೋ ಪೈಪ್‌ನಲ್ಲಿ ನೀರು ಕೆಳಗೆ ಇಳಿಯತ್ತೆ, ಸಂಪ್‌ನಲ್ಲಿ ಫಿಲ್ಟರ್ ಕೆಲಸಗಳೆಲ್ಲ ಮುಗಿಸಿ ಪಂಪ್ ಅದನ್ನ ಮತ್ತೆ ಮೇಲೆ ಕಳಿಸತ್ತೆ. ಗಂಟೆಗೆ ಒಟ್ಟು ನೀರಿನ ಮೂರರಿಂದ ಐದು ಪಟ್ಟು ಹರಿದ್ರೆ ಸಾಕು. ಹವಳಕ್ಕೆ ಬೇಕಾದ ಜೋರು ಅಲೆಗೆ ಟ್ಯಾಂಕಿನೊಳಗೇ ಬೇರೆ ಪುಟ್ಟ ಪಂಪ್ ಇಡೋದು. ಒಂದೇ ಪಂಪ್‌ನಿಂದ ಎರಡೂ ಕೆಲಸ ಮಾಡಿಸೋಕೆ ಹೋದ್ರೆ ಓವರ್‌ಫ್ಲೋ ತಡೆಯಲ್ಲ, ಸದ್ದೂ ಜಾಸ್ತಿ.

ಸಂಪ್ ಎಷ್ಟು ದೊಡ್ಡದಿರಬೇಕು ಅನ್ನೋದನ್ನ ಕರೆಂಟ್ ಹೋಗೋ ಗಳಿಗೆ ತೀರ್ಮಾನಿಸತ್ತೆ. ಪಂಪ್ ನಿಂತ ತಕ್ಷಣ ಮೇಲೆ ಕಳಿಸೋ ಪೈಪೇ ಸೈಫನ್ ಆಗಿ ನೀರನ್ನು ಹಿಂದಕ್ಕೆ ಎಳೆಯತ್ತೆ, ಪೈಪಿನ ಬಾಯಿ ಗಾಳಿಗೆ ತೆರೆಯೋವರೆಗೂ. ಬಾಯಿ ನೀರಿನ ಮಟ್ಟದಿಂದ 5 ಸೆಂಟಿಮೀಟರ್ ಕೆಳಗಿದ್ರೆ 60 ಗುಣಿಸು 40 ಗುಣಿಸು 5, ಅಂದ್ರೆ 12 ಲೀಟರ್ ಕೆಳಗಿಳಿಯತ್ತೆ. ಸಂಪ್‌ನ ತಳ 45ಕ್ಕೆ 30 ಇದ್ರೆ ಅಲ್ಲಿ ಮಟ್ಟ 9 ಸೆಂಟಿಮೀಟರ್ ಏರತ್ತೆ. ಅಷ್ಟು ಖಾಲಿ ಜಾಗ ಇಲ್ಲದಿದ್ರೆ ಉಪ್ಪುನೀರು ಲ್ಯಾಬಿನ ನೆಲದ ಮೇಲೆ, ಆಮೇಲೆ ಎಚ್‌ಒಡಿ ಚೇಂಬರಿನಲ್ಲಿ ನಾವು. ಅದಕ್ಕೇ ಬಾಯಿಯನ್ನು ಮಟ್ಟದ ಹತ್ತಿರ ಇಡಬೇಕು, ನೀರಿನ ಮಟ್ಟಕ್ಕೆ ಸ್ವಲ್ಪವೇ ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಕೊರೀಬೇಕು. ಆ ತೂತು ಪಾಚಿ ಕಟ್ಟಿ ಮುಚ್ಚಿಕೊಳ್ಳತ್ತೆ, ವಾರಕ್ಕೊಮ್ಮೆ ನೋಡಲೇಬೇಕು. ತೂತನ್ನು ನಂಬಿ ಸಂಪ್‌ನ ಜಾಗ ಉಳಿಸೋಕೆ ಹೋಗಬೇಡಿ.

ನೀರು ಸಂಪ್‌ಗೆ ಬಿದ್ದ ಕೂಡಲೇ ಬಟ್ಟೆಯ ಚೀಲ, ಕಾಫಿ ಸೋಸೋ ಬಟ್ಟೆ ಥರ. ಕಸ, ಉಳಿದ ಆಹಾರ ಅದರಲ್ಲಿ ನಿಲ್ಲತ್ತೆ. ಆದರೆ ನಿಂತದ್ದು ಇನ್ನೂ ನೀರಿನೊಳಗೇ ಇದೆ, ಅಲ್ಲೇ ಕೊಳೆಯತ್ತೆ. ಎರಡು ಮೂರು ದಿನಕ್ಕೊಮ್ಮೆ ಚೀಲ ಬದಲಾಯಿಸಿದ್ರೆ ಅದು ಫಿಲ್ಟರ್, ಎರಡು ವಾರ ಮರೆತ್ರೆ ನೈಟ್ರೇಟ್ ಫ್ಯಾಕ್ಟರಿ. ಬದಲಾಯಿಸೋಕೆ ಆಗಲ್ಲ ಅನ್ನೋರು ಚೀಲ ಇಡದೇ ಇರೋದೇ ಮೇಲು.

ಚೀಲದ ನಂತರ ಸ್ಕಿಮ್ಮರ್. ಬೇಳೆ ಬೇಯುವಾಗ ಮೇಲೆ ನೊರೆ ಬರತ್ತಲ್ಲ, ಅಮ್ಮ ಅದನ್ನ ಸೌಟಿನಲ್ಲಿ ತೆಗೆದು ಹಾಕ್ತಾರೆ. ಸ್ಕಿಮ್ಮರ್ ಮಾಡೋದು ಅದನ್ನೇ. ಪ್ರೋಟೀನಿನಂಥ ದೊಡ್ಡ ಅಣುಗಳಿಗೆ ನೀರನ್ನು ಇಷ್ಟಪಡೋ ಒಂದು ಭಾಗ, ಇಷ್ಟಪಡದ ಇನ್ನೊಂದು ಭಾಗ ಇರತ್ತೆ. ಹಾಗಾಗಿ ಅವು ನೀರು ಗಾಳಿ ಸೇರೋ ಮೇಲ್ಮೈಗೆ ಹೋಗಿ ಅಂಟಿಕೊಳ್ಳತ್ವೆ. ಮೇಲ್ಮೈ ಜಾಸ್ತಿ ಬೇಕು ಅಂದ್ರೆ ಗುಳ್ಳೆ ಸಣ್ಣದಾಗಬೇಕು. 1 ಲೀಟರ್ ಗಾಳಿಯನ್ನು 5 ಮಿಲಿಮೀಟರ್ ಗುಳ್ಳೆ ಮಾಡಿದ್ರೆ ಒಟ್ಟು ಮೇಲ್ಮೈ 1.2 ಚದರ ಮೀಟರ್. ಅದೇ ಗಾಳಿಯನ್ನು ಅರ್ಧ ಮಿಲಿಮೀಟರ್ ಗುಳ್ಳೆ ಮಾಡಿದ್ರೆ 12 ಚದರ ಮೀಟರ್, ನಮ್ಮ ಹಾಸ್ಟೆಲ್ ರೂಮಿನಷ್ಟು. ಉಪ್ಪುನೀರಿನಲ್ಲಿ ಸಣ್ಣ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗೋದು ಕಡಿಮೆ. ಸಿಹಿನೀರಿನ ಮನೆ ಅಕ್ವೇರಿಯಂಗಳಲ್ಲಿ ಸ್ಕಿಮ್ಮರ್ ಕಾಣದಿರೋದಕ್ಕೆ ಅದೇ ಕಾರಣ. ಮಲ್ಪೆಯ ಬೀಚಿನಲ್ಲಿ ಅಲೆ ಬಡಿದಾಗ ನೊರೆ ನಿಲ್ಲೋದು, ಊರ ಕೆರೆಯ ಒಳ್ಳೆ ನೀರಿನಲ್ಲಿ ಹಾಗೆ ನಿಲ್ಲದಿರೋದು ಕೂಡ ಇದೇ ಸಂಗತಿ. (ಬೆಂಗಳೂರಿನ ಕೆರೆಗಳ ನೊರೆ ಬೇರೆ ಕಥೆ, ಅದನ್ನ ಇಲ್ಲಿ ತರೋದು ಬೇಡ.)

ಸ್ಕಿಮ್ಮರಿನ ದೊಡ್ಡ ಗುಣ ಅಂದ್ರೆ ಪ್ರೋಟೀನ್ ಕೊಳೆತು ಅಮೋನಿಯಾ ಆಗೋ ಮೊದಲೇ ಎತ್ತಿಬಿಡತ್ತೆ. ಜೊತೆಗೆ ಆಕ್ಸಿಜನ್ ಬೆರೆಸತ್ತೆ. ದುಡ್ಡು ಒಂದೇ ಕಡೆ ಹಾಕೋಕೆ ಸಾಧ್ಯ ಅಂದ್ರೆ ನಾವು ಲೈಟ್ ಬಿಟ್ಟು ಸ್ಕಿಮ್ಮರ್‌ಗೆ ಹಾಕ್ತೀವಿ. ಆಕ್ಟಿವೇಟೆಡ್ ಕಾರ್ಬನ್ ಒಂದು ಸಣ್ಣ ಚೀಲದಲ್ಲಿ ಇಟ್ರೆ ನೀರಿನ ಹಳದಿ ಬಣ್ಣ ಹೋಗತ್ತೆ, ತಿಂಗಳಿಗೊಮ್ಮೆ ಬದಲಾಯಿಸಿ. ಫಾಸ್ಫೇಟ್ ತೆಗೆಯೋ ಕಬ್ಬಿಣದ ಆಕ್ಸೈಡ್ ಹರಳುಗಳನ್ನು ಮೊದಲ ದಿನದಿಂದಲೇ ಹಾಕೋ ಅಭ್ಯಾಸ ಕೆಲವರಿಗಿದೆ, ನಮಗೆ ಅದು ಸರಿ ಅನ್ಸಲ್ಲ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದ್ರೆ ಹವಳಕ್ಕೂ ಊಟ ಇಲ್ಲ, ಡೈನೋಫ್ಲಾಜೆಲೇಟ್ ಅನ್ನೋ ಲೋಳೆ ಬಂದು ಮರಳಿನ ಮೇಲೆ ಕೂರತ್ತೆ.

ನೀರು ಮತ್ತು ಕಲ್ಲು

ಬೋರ್‌ವೆಲ್ ನೀರು ಹಾಕಬಾರದು. ಟಿಡಿಎಸ್ 1000 ಇರೋ ನೀರನ್ನ ಆರ್‌ಒ ಶೇಕಡಾ 95 ಶುದ್ಧ ಮಾಡಿದ್ರೂ 50 ಉಳಿಯತ್ತೆ. ಆ ಐವತ್ತನ್ನು ಸೊನ್ನೆಗೆ ಇಳಿಸೋಕೆ ಅದರ ನಂತರ ಡಿಅಯಾನೈಸಿಂಗ್ ರೆಸಿನ್ ಬೇಕು. ಅಡುಗೆಮನೆಯ ಆರ್‌ಒ ಸಾಕಲ್ವಾ ಅಂತ ಕೇಳ್ತಾರೆ. ಅವುಗಳಲ್ಲಿ ಹಲವಕ್ಕೆ ರುಚಿಗೋಸ್ಕರ ಸ್ವಲ್ಪ ಹಸಿ ನೀರನ್ನು ಮತ್ತೆ ಬೆರೆಸೋ, ಮಿನರಲ್ ಸೇರಿಸೋ ವ್ಯವಸ್ಥೆ ಇರತ್ತೆ. ಟಿಡಿಎಸ್ ಮೀಟರ್ ಹಿಡಿದು ನೋಡಿ, ಗೊತ್ತಾಗತ್ತೆ. ಉಪ್ಪು ಅಂದ್ರೆ ಅಡುಗೆ ಉಪ್ಪು ಅಲ್ಲವೇ ಅಲ್ಲ. ಸಮುದ್ರದ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 410 ಮಿಲಿಗ್ರಾಂ ಕ್ಯಾಲ್ಸಿಯಂ, 1290ರಷ್ಟು ಮೆಗ್ನೀಸಿಯಂ ಇದೆ, ಹವಳ ತನ್ನ ಮೂಳೆ ಕಟ್ಟೋದು ಅದರಿಂದಲೇ. ಹಾಗಾಗಿ ಅಕ್ವೇರಿಯಂ ಉಪ್ಪಿನ ಮಿಶ್ರಣವೇ ಬೇಕು, ಲೀಟರಿಗೆ 35 ಗ್ರಾಂ ಲವಣಾಂಶ ಬರೋ ಹಾಗೆ, ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿ. ಮೀನು ಇರುವ ಟ್ಯಾಂಕಿನೊಳಗೆ ಉಪ್ಪು ಸುರಿಯಬಾರದು, ಬೇರೆ ಬಕೆಟ್‌ನಲ್ಲಿ ಕಲಸಿ, ಪಂಪ್ ಹಾಕಿ ಒಂದು ದಿನ ಬಿಟ್ಟು ಹಾಕಬೇಕು.

ಕಲ್ಲಿನ ವಿಷಯಕ್ಕೆ ಸ್ವಲ್ಪ ಇತಿಹಾಸ. ಇಂಡೋನೇಷ್ಯಾದ ಲೀ ಚಿನ್ ಎಂಗ್ ಅನ್ನೋರು 1961ರಲ್ಲಿ ಬರೆದ ಒಂದು ಲೇಖನ ಆಗ ಹವ್ಯಾಸಿಗಳನ್ನು ಬೆರಗಾಗಿಸಿತು. ಅವರ ಟ್ಯಾಂಕಿನಲ್ಲಿ ಫಿಲ್ಟರ್ ಡಬ್ಬವೇ ಇರಲಿಲ್ಲ. ಸಮುದ್ರದ ನೀರು, ಸಮುದ್ರದಿಂದ ತಂದ ಜೀವ ತುಂಬಿದ ಕಲ್ಲು, ಒಂದಷ್ಟು ಗಾಳಿಗುಳ್ಳೆ, ಬೆಳಕು, ಅಷ್ಟೇ. ಆಮೇಲೆ ಜರ್ಮನಿಯ ಹವ್ಯಾಸಿಗಳು ಅದೇ ಕಲ್ಲಿಗೆ ಸ್ಕಿಮ್ಮರ್ ಸೇರಿಸಿದ್ರು, ಅದಕ್ಕೆ ಬರ್ಲಿನ್ ಪದ್ಧತಿ ಅಂತ ಹೆಸರಾಯ್ತು. ಇವತ್ತು ನಾವು ಮಾಡ್ತಿರೋದೂ ಹೆಚ್ಚು ಕಡಿಮೆ ಅದನ್ನೇ.

ಆದರೆ ಒಂದು ದೊಡ್ಡ ಆದರೆ. ಭಾರತದಲ್ಲಿ ಸಮುದ್ರದಿಂದ ಹವಳದ ಕಲ್ಲು ತರೋ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಿಗೆ 2001ರಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಎಲ್ಲ ಸೇರಿದವು. ಹುಲಿಗೆ ಇರೋ ಶೆಡ್ಯೂಲೇ ಅದು. ಸತ್ತ ಹವಳದ ತುಂಡಿಗೂ ರಕ್ಷಣೆ ಇದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಡೈವಿಂಗ್ ಹೋದವರು ನೆನಪಿಗೆ ಅಂತ ಒಂದು ತುಂಡು ಜೇಬಿಗೆ ಹಾಕ್ಕೊಳ್ಳೋದು ಕೂಡ ಅಪರಾಧ. ವಿದೇಶದಿಂದ ಬರೋ ಗಟ್ಟಿ ಹವಳಕ್ಕೆ ಸೈಟಿಸ್ ಒಪ್ಪಂದದ ಕಾಗದ ಬೇಕು. ಬಿಲ್ ಇಲ್ಲದೆ, ಒಳಗಿನ ರೂಮಿನಿಂದ ತಂದು ಕೊಡ್ತೀನಿ ಅನ್ನೋ ಅಂಗಡಿಯಿಂದ ತಗೊಳ್ಳಬೇಡಿ. ಹಾಸ್ಟೆಲ್ ರೂಮಿನಲ್ಲಿ ಒಂದು ಚೂರು ದಿಬ್ಬ ಬೆಳೆಸೋಕೆ ಕಡಲಿನ ದಿಬ್ಬ ಒಡೆಯೋದು ಯಾವ ಲೆಕ್ಕದಲ್ಲೂ ಸರಿ ಹೋಗಲ್ಲ.

ಹಾಗಾಗಿ ನಮ್ಮ ಟ್ಯಾಂಕಿನಲ್ಲಿ ಇರೋದು ಕಾರ್ಖಾನೆಯಲ್ಲಿ ಮಾಡಿದ ಸೆರಾಮಿಕ್ ಕಲ್ಲು. ಅದು ಒಣಗಿದ್ದು, ಜೀವ ಇಲ್ಲ, ಬ್ಯಾಕ್ಟೀರಿಯಾ ನಾವೇ ಬೆಳೆಸಬೇಕು, ಸಮಯ ಜಾಸ್ತಿ. ಮೊದಲಿಗೆ ಹ್ಯಾಚರಿಯಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್‌ಫಿಶ್ ಮಾತ್ರ ತರೋದು ಅಂತ ತೀರ್ಮಾನ. ಕ್ಲೌನ್‌ಫಿಶ್ ಅನ್ನು ಹ್ಯಾಚರಿಯಲ್ಲಿ ಮರಿ ಮಾಡಿಸೋ ತಂತ್ರವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ, ಕಡಲಿನಿಂದ ಹಿಡಿದು ತಂದ ಮೀನೇ ಬೇಕು ಅನ್ನೋ ಅಗತ್ಯ ಇಲ್ಲ. ಹವಳದ ಮಾತು ಕಾಗದಪತ್ರ ಸರಿ ಇದ್ದಾಗ, ಟ್ಯಾಂಕ್ ವರ್ಷ ತುಂಬಿದ ಮೇಲೆ.

ಕಾಯೋದು

ಟ್ಯಾಂಕಿನಲ್ಲಿ ನೀರು ತುಂಬಿ ನಾಲ್ಕನೇ ವಾರ ನಡೀತಿದೆ. ಲ್ಯಾಬಿಗೆ ಬಂದವರೆಲ್ಲ ಕೇಳೋದು ಒಂದೇ, ಮೀನು ಎಲ್ರೋ? ಮೀನು ಬರಲ್ಲ, ಇನ್ನೂ ಫಿಲ್ಟರ್ ಹುಟ್ಟಿಲ್ಲ.

ಅಂಗಡಿಯಲ್ಲಿ ಕೊಡೋ ಸಾಮಾನ್ಯ ಸಲಹೆ, ಎರಡು ಗಟ್ಟಿ ಡ್ಯಾಮ್‌ಸೆಲ್ ಮೀನು ಬಿಡಿ, ಅವುಗಳ ಗಲೀಜಿನಲ್ಲೇ ಬ್ಯಾಕ್ಟೀರಿಯಾ ಬರತ್ತೆ ಅಂತ. ಬರತ್ತೆ, ನಿಜ. ಆದರೆ ಅಷ್ಟು ವಾರ ಆ ಮೀನಿನ ಕಿವಿರು ಸುಡ್ತಾ ಇರತ್ತೆ. ಜೀವಂತ ಮೀನನ್ನು ಅಮೋನಿಯಾ ಬಾಟಲಿ ಥರ ಬಳಸೋದು ನಮಗೆ ಒಪ್ಪಿಗೆ ಇಲ್ಲ, ಅದರ ಅಗತ್ಯವೂ ಇಲ್ಲ. ನವಸಾಗರ, ಅಂದ್ರೆ ಅಮೋನಿಯಂ ಕ್ಲೋರೈಡ್, ಶುದ್ಧವಾದದ್ದು ಕೆಮಿಸ್ಟ್ರಿ ಲ್ಯಾಬಿನಲ್ಲೇ ಇದೆ. ಅದರ ತೂಕದಲ್ಲಿ ಶೇಕಡಾ 26 ನೈಟ್ರೋಜನ್. 100 ಲೀಟರಿಗೆ 0.76 ಗ್ರಾಂ ಹಾಕಿದ್ರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ-ನೈಟ್ರೋಜನ್ ಆಗತ್ತೆ. ಮೊದಲು ಅಮೋನಿಯಾ ಇಳಿಯತ್ತೆ, ನೈಟ್ರೈಟ್ ಏರತ್ತೆ, ಆಮೇಲೆ ನೈಟ್ರೈಟ್ ಇಳಿದು ನೈಟ್ರೇಟ್ ಉಳಿಯತ್ತೆ. ನೈಟ್ರೈಟ್ ಜಾಸ್ತಿ ಇರುವಾಗ ನೈಟ್ರೇಟ್ ಕಿಟ್ ಸುಳ್ಳು ಹೇಳತ್ತೆ, ಇಲ್ಲದಷ್ಟು ತೋರಿಸತ್ತೆ, ಆಗ ಅದನ್ನ ನೋಡೋದೇ ಬೇಡ.

ಇಷ್ಟು ಸಮಯ ಯಾಕೆ? ಇ ಕೋಲೈಗೆ ಒಳ್ಳೆ ಊಟ ಹಾಕಿದ್ರೆ 20 ನಿಮಿಷಕ್ಕೆ ಎರಡರಷ್ಟಾಗತ್ತೆ. ಅಮೋನಿಯಾ ತಿನ್ನೋ ಇವು ತುಂಬಾ ಬಡ ಊಟದ ಮೇಲೆ ಬದುಕೋ ಜೀವಿಗಳು, ದುಪ್ಪಟ್ಟಾಗೋಕೆ ಹೆಚ್ಚು ಕಡಿಮೆ ಒಂದು ದಿನ ಬೇಕು. ಸಾವಿರ ಪಟ್ಟು ಆಗೋಕೆ ಹತ್ತು ದಿನ, ಹತ್ತು ಲಕ್ಷ ಪಟ್ಟು ಆಗೋಕೆ ಇಪ್ಪತ್ತು ದಿನ. ಒಣ ಕಲ್ಲಿನಿಂದ ಶುರು ಮಾಡಿದವರಿಗೆ ಮೂರರಿಂದ ಆರು ವಾರ ಹಿಡಿಯೋದು ಸಾಮಾನ್ಯ. ಬಾಟಲಿಯಲ್ಲಿ ಬರೋ ಬ್ಯಾಕ್ಟೀರಿಯಾ ಸಮಯ ಕಡಿಮೆ ಮಾಡಬಹುದು, ಮಾಡದೇನೂ ಇರಬಹುದು. ಬಾಟಲಿ ಮೇಲಿನ ಮಾತಿಗಿಂತ ಟೆಸ್ಟ್ ಕಿಟ್ ಹೇಳೋದನ್ನ ನಂಬಿ.

ಪಾಸ್ ಆಗೋ ಮಾನದಂಡ ಇಷ್ಟು: 2 ಮಿಲಿಗ್ರಾಂ ಹಾಕಿದ 24 ಗಂಟೆಯೊಳಗೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ನಮ್ಮ ಎರಡು ಮೀನಿನ ದಿನದ ಹೊರೆ ಲೀಟರಿಗೆ 0.216 ಮಿಲಿಗ್ರಾಂ ತಾನೇ? ಅಂದ್ರೆ ಫ್ಯಾಕ್ಟರ್ ಆಫ್ ಸೇಫ್ಟಿ 9. ಸಿವಿಲ್‌ನವರು ಖುಷಿಪಡಬಹುದು. ಅಷ್ಟಾದ ಮೇಲೆ ಅರ್ಧ ನೀರು ಬದಲಾಯಿಸಿ, ಸೇರಿರೋ ನೈಟ್ರೇಟ್ ಇಳಿಸಿ, ಆಗ ಮೀನು.

ಈ ಮಧ್ಯೆ ಮರಳಿನ ಮೇಲೆ ಕಂದು ಧೂಳಿನ ಥರ ಡಯಾಟಮ್ ಬರತ್ತೆ, ಆಮೇಲೆ ಹಸಿರು ಕೂದಲು ಪಾಚಿ. ಹೊಸ ಟ್ಯಾಂಕಿನಲ್ಲಿ ಬರೋದೇ. ಗಾಬರಿಯಾಗಿ ಕಲ್ಲನ್ನೆಲ್ಲ ತೆಗೆದು ನಲ್ಲಿ ನೀರಿನಲ್ಲಿ ತಿಕ್ಕಿದ್ರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸತ್ತು ಮತ್ತೆ ಮೊದಲಿನಿಂದ. ಏನೂ ಮಾಡದೆ ಇರೋದು ನಮ್ಮಂಥವರಿಗೆ ಬಹಳ ಕಷ್ಟದ ಕೆಲಸ.

ನಡೆಸಿಕೊಂಡು ಹೋಗೋದು

ದಿನದ ಕೆಲಸ ಎರಡು ನಿಮಿಷ. ಉಷ್ಣತೆ 25, 26ರಲ್ಲಿದೆಯಾ, ಸ್ಕಿಮ್ಮರ್ ನೊರೆ ಕಟ್ತಿದೆಯಾ, ನೀರಿನ ಮಟ್ಟ ಇಳಿದಿದೆಯಾ. ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯತ್ತೆ. 2 ಲೀಟರ್ ಆವಿಯಾದ್ರೆ ಲವಣಾಂಶ 35ರಿಂದ 35.7. ಹಾಗಾಗಿ ತುಂಬಿಸೋದು ಶುದ್ಧ ಸಿಹಿನೀರಿನಿಂದ, ಉಪ್ಪುನೀರಿನಿಂದಲ್ಲ. ಇದಕ್ಕೆ ಓವರ್‌ಹೆಡ್ ಟ್ಯಾಂಕಿನ ಬಾಲ್ ಕಾಕ್ ಥರದ್ದೇ ಒಂದು ಫ್ಲೋಟ್ ವಾಲ್ವ್ ಹಾಕಬಹುದು. ಅದು ಒಂದಲ್ಲ ಒಂದು ದಿನ ಸಿಕ್ಕಿಹಾಕ್ಕೊಳ್ಳತ್ತೆ. ಅದಕ್ಕೇ ಅದರ ಕ್ಯಾನ್ 10 ಲೀಟರ್ ದಾಟದಿರಲಿ. ಪೂರ್ತಿ ಸುರಿದ್ರೂ ಲವಣಾಂಶ 31.8ಕ್ಕೆ ನಿಲ್ಲತ್ತೆ, ಮೀನು ಉಳಿಯತ್ತೆ. ನೇರ ನಲ್ಲಿಗೆ ಜೋಡಿಸಿದ್ರೆ ಬೆಳಿಗ್ಗೆ ಹೊತ್ತಿಗೆ ಕೆರೆ.

ವಾರಕ್ಕೊಮ್ಮೆ ಶೇಕಡಾ 10 ನೀರು ಬದಲಾವಣೆ, ಸ್ಕಿಮ್ಮರಿನ ಕುತ್ತಿಗೆ ಒರೆಸೋದು (ಜಿಡ್ಡು ಕಟ್ಟಿದ್ರೆ ನೊರೆ ಏರಲ್ಲ), ಟೆಸ್ಟ್ ಮಾಡಿ ಬರೆದಿಡೋದು. ಒಂದು ದಿನದ ರೀಡಿಂಗ್‌ಗಿಂತ ಗ್ರಾಫ್ ಮುಖ್ಯ. ಮೂರು ನಾಲ್ಕು ತಿಂಗಳಿಗೊಮ್ಮೆ ಪಂಪ್ ಬಿಚ್ಚಿ ಸಿಟ್ರಿಕ್ ಆಸಿಡ್ ನೀರಿನಲ್ಲಿ ನೆನೆಸಿ ಸುಣ್ಣ ಬಿಡಿಸಬೇಕು. ಸೆರಾಮಿಕ್ ಉಂಗುರ ತೊಳೆಯೋದಾದ್ರೆ ಟ್ಯಾಂಕಿನಿಂದ ತೆಗೆದ ಹಳೇ ನೀರಿನಲ್ಲೇ, ಅದೂ ಒಂದು ಸಲಕ್ಕೆ ಸ್ವಲ್ಪ. ತಾಮ್ರ, ಹಿತ್ತಾಳೆಯ ಯಾವ ಫಿಟ್ಟಿಂಗೂ ಬೇಡ, ತಾಮ್ರ ಹವಳ, ಸೀಗಡಿ, ಬಸವನಹುಳುಗಳಿಗೆ ವಿಷ.

ಇನ್ನು ಕರೆಂಟ್. ಪಂಪ್ ನಿಂತ್ರೆ ಮೀನು ಬಿಡಿ, ಕೋಟ್ಯಂತರ ಬ್ಯಾಕ್ಟೀರಿಯಾ ಕೂಡ ಅದೇ ಆಕ್ಸಿಜನ್‌ಗೆ ಕೈ ಹಾಕ್ತವೆ. ಮುಚ್ಚಿದ ಡಬ್ಬದ ಫಿಲ್ಟರ್ ಇದ್ರೆ ಒಳಗಿನ ಬ್ಯಾಕ್ಟೀರಿಯಾ ಸತ್ತು, ಕರೆಂಟ್ ಬಂದಾಗ ಆ ಕೊಳಕು ನೀರೆಲ್ಲ ಟ್ಯಾಂಕಿಗೆ ಬರತ್ತೆ. ಕಲ್ಲನ್ನೇ ಫಿಲ್ಟರ್ ಮಾಡಿಕೊಳ್ಳೋದರ ಇನ್ನೊಂದು ಲಾಭ ಇದು. ಎಲ್ಲವನ್ನೂ ಬ್ಯಾಕಪ್‌ಗೆ ಹಾಕಬೇಕಿಲ್ಲ. ಲೈಟ್ ಬೇಡ, ಸ್ಕಿಮ್ಮರ್ ಬೇಡ, ಟ್ಯಾಂಕಿನೊಳಗಿನ 10 ವಾಟ್‌ನ ಒಂದು ಪುಟ್ಟ ಪಂಪ್ ನೀರಿನ ಮೇಲ್ಮೈ ಕಲಕ್ತಾ ಇದ್ರೆ ಸಾಕು. ಯುಪಿಎಸ್‌ನಲ್ಲಿರೋ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವಾಟ್-ಅವರ್ ಇದೆ. ಅರ್ಧ ಮಾತ್ರ ಬಳಸಿದ್ರೂ ನಾಲ್ಕು ಗಂಟೆ.

ಕರೆಂಟ್‌ಗಿಂತ ದೊಡ್ಡ ಅಪಾಯ ಸೆಮಿಸ್ಟರ್ ರಜೆ. ನಾವೆಲ್ಲ ಊರಿಗೆ ಹೋದಾಗ ನೋಡ್ಕೊಳ್ಳೋದು ಲ್ಯಾಬಿನ ಅಟೆಂಡರ್ ಅಣ್ಣ. ಪಾಪ ಮೀನು ಹಸಿದಿರತ್ತೆ ಅಂತ ಪ್ರೀತಿಯಿಂದ ಒಂದು ಚಮಚ ಜಾಸ್ತಿ ಹಾಕಿದ್ರೆ ಮೇಲಿನ ಲೆಕ್ಕವೆಲ್ಲ ಒಂದೇ ದಿನಕ್ಕೆ ಮುಗೀತು, ಒಂದು ಚಮಚ ಅಂದ್ರೆ ನಮ್ಮ ಒಂದು ವಾರದ ಆಹಾರ. ಹಾಗಾಗಿ ರಜೆಗೆ ಮೊದಲು ಲ್ಯಾಬಿನ ತಕ್ಕಡಿಯಲ್ಲಿ 0.3 ಗ್ರಾಂ ತೂಗಿ, ಅಂಗಡಿಯಲ್ಲಿ ಕುಂಕುಮ ಕಟ್ಟಿಕೊಡೋ ಹಾಗೆ ಪೇಪರ್ ಪೊಟ್ಟಣ ಕಟ್ಟಿ, ಮೇಲೆ ತಾರೀಕು ಬರೆದು ಕೊಡೋದು. ಹದಿನಾಲ್ಕು ದಿನಕ್ಕೆ ಹದಿನಾಲ್ಕು ಪೊಟ್ಟಣ. ಆಹಾರದ ಡಬ್ಬ ಮಾತ್ರ ನಮ್ಮ ಬ್ಯಾಗಿನಲ್ಲೇ ಊರಿಗೆ.